ಬಡಗಣ ಕಂಡಿಯ ಆಳ

ಜನವರಿ ೯

ಪ್ರೀತಿಯ ಅಪ್ಪ,

ದ್ವೀಪಕ್ಕೆ ಬಂದು ನಾಲ್ಕು ದಿನವಾಯಿತು. ವಾರಕ್ಕೊಂದೇ ದೋಣಿ, ಮಂಗಳವಾರ. ಟಪಾಲು ಬರುವುದೂ ಹೋಗುವುದೂ ಅದರಲ್ಲೇ. ಗಡಿ ಜಾಗವೆಂದು ಫೋನಿಗೆ ಸಿಗ್ನಲ್ ಬಿಡುವುದಿಲ್ಲ. ಹೊಸ ನಕ್ಷೆಯ ಅಳತೆ ಮುಗಿಯುವವರೆಗೆ, ಅಂದರೆ ಮಾರ್ಚ್ ಕೊನೆಯ ತನಕ, ನಿನಗೂ ಅಮ್ಮನಿಗೂ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವೇ ಗತಿ.

ನನಗೆ ಸಿಕ್ಕಿರುವುದು ಅಂಚೆ ಕಚೇರಿಯ ಮೇಲಿನ ಕೋಣೆ. ಎರಡು ಕಿಟಕಿ. ಒಂದರಲ್ಲಿ ಜೆಟ್ಟಿ, ಇನ್ನೊಂದರಲ್ಲಿ ಆಚೆ ದೇಶ. ದುರ್ಬೀನು ಹಿಡಿದರೆ ಅಲ್ಲಿನವರು ಹಗ್ಗದ ಮೇಲೆ ಒಣಹಾಕಿದ ಬಟ್ಟೆಯ ಬಣ್ಣ ಕೂಡ ಹೇಳಬಹುದು. ಮನೆಯೊಡತಿಯೇ ಅಂಚೆಯ ಕೆಲಸವನ್ನೂ ನೋಡುತ್ತಾರೆ, ಎಲ್ಲರೂ ಅಂಚೆಯಮ್ಮ ಎನ್ನುತ್ತಾರೆ. ವಯಸ್ಸು ಐವತ್ತೈದರ ಆಸುಪಾಸು. ಮಾತು ಕಡಿಮೆ, ನೋಟ ಮಾತ್ರ ಪಾರ್ಸೆಲ್ಲು ತೂಗುವ ಹಾಗೆ.

ಅಳತೆಗೆಂದು ನನಗೆ ಗೊತ್ತುಮಾಡಿದ ಚಿಕ್ಕ ದೋಣಿ ನಡೆಸುವವನ ಹೆಸರು ಗಡಿಯಾರ. ಕೈಗೆ ಗಡಿಯಾರ ಕಟ್ಟಿದವನಲ್ಲ, ಉಬ್ಬರ ಇಳಿತದ ಹೊತ್ತನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾನೆ, ಅದಕ್ಕೆ. ಅರವತ್ತು ದಾಟಿದ ಮನುಷ್ಯ, ನನ್ನನ್ನು ತಾಯಿ ಎಂದು ಕರೆಯುತ್ತಾನೆ.

ಈಗ ನಿನ್ನ ವಿಷಯ. ಕಚೇರಿಯಲ್ಲಿ ಹಳೆಯ ನಕ್ಷೆಯ ಹಾಳೆಯನ್ನು ಸುತ್ತಿ, ಮೊಹರು ಹಾಕಿ ಕೊಟ್ಟಿದ್ದರು. ಬಿಚ್ಚಿದ್ದು ಇಲ್ಲೇ. ಕೆಳಗಿನ ಮೂಲೆಯಲ್ಲಿ ನಕ್ಷೆ ಬರೆದವರ ಹೆಸರು, ನಿನ್ನದು! ನಾನು ಹುಟ್ಟಿದ ವರ್ಷದ ಹಾಳೆ. ಎದೆಯುಬ್ಬಿ, ನೀರಿನ ಹೂಜಿ ತಂದಿಟ್ಟ ಅಂಚೆಯಮ್ಮನಿಗೆ ತೋರಿಸಿದೆ. ಅವರು ಹಾಳೆಯ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತು, "ನಿಮ್ಮಪ್ಪ ಎಡಗೈಯವರಾ?" ಎಂದರು. ಹೌದು, ನಿಮಗೆ ಹೇಗೆ ಗೊತ್ತು ಎಂದೆ. ಸುಮ್ಮನೆ ಕೇಳಿದೆ ಎಂದು ಇಳಿದುಹೋದರು. ಅಕ್ಷರ ಎಡಕ್ಕೆ ವಾಲಿರುವುದು ಅಷ್ಟು ದೂರದಿಂದ ಕಾಣುತ್ತದೆಯೇ?

ನೀನು ಇಲ್ಲಿಗೆ ಬಂದಿದ್ದೆ ಎಂದು ಒಮ್ಮೆಯೂ ಹೇಳಿರಲಿಲ್ಲವಲ್ಲ ಅಪ್ಪ. ಬಸ್ಸು ಹತ್ತಿಸಲು ಬಂದಾಗಲೂ ಕಡಲ ಗಾಳಿಗೆ ಕಿವಿ ಮುಚ್ಚಿಕೋ ಎಂದೆ, ಅಷ್ಟೇ.

ಮುಂದಿನ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಬಡಗಣ ಕಂಡಿಯನ್ನು ಅಳೆಯಬೇಕು. ದ್ವೀಪದ ತುದಿಗೂ ಒಂಟಿಬಂಡೆಗೂ ನಡುವಿನ ಆ ಸೀಳಿನಲ್ಲಿ ನೀನು ಚುಕ್ಕೆ ಹಾಕಿದ್ದೀಯ. ಇಳಿತದಲ್ಲಿ ಒಣಗುವ ಮರಳು ಎಂದು. ಬಂಡೆ ನಮ್ಮದಾಗಿರುವುದು ಆ ಚುಕ್ಕೆಗಳಿಂದ ಎಂದು ಈಗಷ್ಟೇ ಅರ್ಥವಾಯಿತು. ಹೇಗಿತ್ತು ಆಗ, ಬರೆ.

ನಿನ್ನ ಮಗಳು


ಜನವರಿ ೧೮

ಮಗಳೇ,

ನಿನ್ನ ಕಾಗದ ಬಂತು. ಅಮ್ಮ ಎರಡು ಸಲ ಓದಿಸಿಕೊಂಡಳು. ಉಣ್ಣೆಯ ಟೋಪಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟಿದ್ದಾಳಂತೆ, ಹುಡುಕು.

ಆ ದ್ವೀಪದ ಬಗ್ಗೆ ಏನು ಹೇಳಲಿ. ಉದ್ದ ಒಂಬತ್ತು ಮೈಲಿ, ಅಗಲ ಎರಡು. ನಮ್ಮ ಕರಾವಳಿಗೆ ಹನ್ನೊಂದು ಮೈಲಿ, ಆಚೆಯವರದಕ್ಕೆ ನಾಲ್ಕೇ. ಕೂಸು ನಮ್ಮದು, ಮಲಗಿರುವುದು ಅವರ ಮಗ್ಗುಲಲ್ಲಿ ಎಂದು ನಾವು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆವು. ಹಾಯಿಹಡಗಿನ ಕಾಲದಲ್ಲಿ ಪೂರ್ವದ ಕೊಲ್ಲಿಯಲ್ಲಿ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಲಂಗರು ಹಾಕಿರುತ್ತಿದ್ದರಂತೆ. ಆಗ ತೋಡಿದ ಸಿಹಿನೀರಿನ ಬಾವಿಗಳು ಈಗಲೂ ಇರಬೇಕು, ನೋಡು. ದಕ್ಷಿಣದ ಉಪ್ಪಿನ ಮಡಿಗಳು ಅದಕ್ಕಿಂತ ಹಳೆಯವು. ದೀಪಸ್ತಂಭ ಕಟ್ಟಿದವರು ವ್ಯಾಪಾರದ ಕಂಪನಿಯವರು, ಹಡಗಿನ ಮೇಲಿನ ಅಕ್ಕರೆಗಲ್ಲ, ಸರಕಿನ ಮೇಲಿನದಕ್ಕೆ. ಗಡಿ ಎಳೆಯುವ ಮೊದಲು ಎರಡೂ ತೀರದವರು ಹೆಣ್ಣು ಕೊಟ್ಟು ತರುತ್ತಿದ್ದರು. ಎಳೆದ ವರ್ಷ ಒಂದೇ ವಾರದಲ್ಲಿ ಎರಡು ಸಲ ಬಾವುಟ ಬದಲಾಯಿತು. ತವರಿಗೆ ಹೋದವರು ಅಲ್ಲೇ ಉಳಿದರು. ಒಂಟಿಬಂಡೆಗೆ ಆಚೆಯವರು ಕಾಲ್ಮಣೆ ಎನ್ನುತ್ತಾರೆ. ಅದರ ಹಿಂದಿನ ನೀರಿನಲ್ಲಿ ಮೀನು ಜಾಸ್ತಿ, ದ್ವೀಪದವರ ಬಲೆಯೆಲ್ಲ ಅಲ್ಲೇ ಬೀಳುವುದು.

ಕಂಡಿಯ ವಿಷಯ. ಮರಳು ಒಂದು ಕಡೆ ಕೂರುವ ವಸ್ತುವಲ್ಲ. ಒಂದು ಬಿರುಗಾಳಿಗೆ ಬರುತ್ತದೆ, ಇನ್ನೊಂದಕ್ಕೆ ಹೋಗುತ್ತದೆ. ನಿನ್ನ ಅಳತೆಗೂ ಹಳೆಯದಕ್ಕೂ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡ.

ಒಂದು ಮಾತು ಕೇಳುತ್ತೇನೆ. ಇಷ್ಟು ಜನ ಸರ್ವೆಯವರಿರುವಾಗ ಈ ಕೆಲಸಕ್ಕೆ ನಿನ್ನನ್ನು ಆರಿಸಿದವರು ಯಾರು? ನಿಮ್ಮ ಸಾಹೇಬರೇ ಕರೆದು ಹೇಳಿದರೇ? ಏನೆಂದು ಹೇಳಿದರು? ನೆನಪಿದ್ದಷ್ಟನ್ನು ಅವರದೇ ಮಾತಿನಲ್ಲಿ ಬರೆ. ಮತ್ತೆ, ನೀನು ನನ್ನ ಮಗಳೆಂದು ಅಲ್ಲಿ ಇನ್ನು ಯಾರಿಗೂ ಹೇಳುವುದು ಬೇಡ.

ನಿನ್ನ ಅಪ್ಪ


ಫೆಬ್ರವರಿ ೨

ಪ್ರೀತಿಯ ಅಪ್ಪ,

ನಿನ್ನ ಕಾಗದವನ್ನು ನನಗಿಂತ ಮೊದಲು ಯಾರೋ ಓದಿದ್ದಾರೆ. ಲಕೋಟೆಯ ಅಂಟಿನ ಮೇಲೆ ಇನ್ನೊಂದು ಪದರ ಅಂಟು, ಅಂಚು ನೆರಿಗೆ ಬಿದ್ದಿದೆ. ಅಂಚೆಯಮ್ಮನನ್ನು ಕೇಳಿದೆ. ಜೆಟ್ಟಿಯ ಹತ್ತಿರ ಕಾವಲು ಪಡೆಯವರ ಠಾಣೆ ಇದೆ, ಗಡಿಯಲ್ಲಿ ಇದೆಲ್ಲ ಇದ್ದದ್ದೇ ಎಂದರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ, ಮೊಹರಿನ ಶಾಯಿ ಡಬ್ಬಿ ಒರೆಸುತ್ತಿದ್ದರು. ಓದುವವರಿದ್ದರೆ ಓದಿಕೊಳ್ಳಲಿ, ನಾನು ಕದ್ದು ಬರೆಯುವಂಥದ್ದೇನೂ ಇಲ್ಲ.

ಬಡಗಣ ಕಂಡಿ ಒಣಗುವುದಿಲ್ಲ ಅಪ್ಪ. ಅಮಾವಾಸ್ಯೆಯ ಹಿಂದಿನ ದಿನ, ಆ ದಿನ, ಮರುದಿನ, ಮೂರೂ ದಿನ ಇಳಿತ ಪೂರ್ತಿ ತಳ ಮುಟ್ಟಿದ ಹೊತ್ತಿಗೆ ದೋಣಿ ನಿಲ್ಲಿಸಿ ಸೀಸದ ಗುಂಡು ಇಳಿಸಿದೆ. ಎರಡೂವರೆ ಮಾರು, ಎರಡಾಳು ಮುಳುಗುವಷ್ಟು. ನಾಲ್ಕು ಕಡೆ ಇಳಿಸಿದೆ, ಎಲ್ಲೂ ಎರಡಕ್ಕಿಂತ ಕಡಿಮೆಯಿಲ್ಲ. ಸೆಳೆತ ಎಷ್ಟೆಂದರೆ ಹಗ್ಗ ಕೈ ಕೊಯ್ಯಿತು. ಹಳೆಯ ಹಾಳೆಯ ಚುಕ್ಕೆಗಳನ್ನು ಗಡಿಯಾರನಿಗೆ ತೋರಿಸಿದೆ. ಅವನು ಬೀಡಿ ತೆಗೆದು ನಕ್ಕುಬಿಟ್ಟ.

"ಇದು ಹಾಳೆ ಮೇಲೆ ಮಾತ್ರ ಒಣಗೋದು ತಾಯಿ," ಎಂದ. ಆಮೇಲೆ ನಗು ಆರಿತು. "ಆದ್ರೆ ಅದು ಹಾಗೇ ಇರಲಿ ಬಿಡಿ. ಇರೋ ಚುಕ್ಕೇನ ಯಾಕೆ ಕೆದಕ್ತೀರಿ?"

ಯಾಕೆಂದು ನನಗೂ ಗೊತ್ತು. ಕಂಡಿಯಲ್ಲಿ ಸದಾ ನೀರಿದ್ದರೆ ಬಂಡೆ ದ್ವೀಪದ ಭಾಗವಲ್ಲ. ಆಗ ಗಡಿಗೆರೆ ಕಂಡಿಯ ಮಧ್ಯಕ್ಕೆ ಬರುತ್ತದೆ. ಬಂಡೆಯೂ ಅದರ ಹಿಂದಿನ ಮೀನಿನ ನೀರೂ ಆಚೆಯವರ ಪಾಲು.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಸಾಹೇಬರೇ ಕರೆದರು. ಬಾಗಿಲು ಹಾಕಿಸಿ, ಕೂರಿಸಿ, ಚಹಾ ತರಿಸಿದರು. "ಹಳೇ ಹಾಳೇನ ನಿಮ್ಮಪ್ಪನ ಮಗಳಿಗಿಂತ ಜೋಪಾನವಾಗಿ ಯಾರು ನೋಡ್ಕೋತಾರೆ," ಎಂದರು. ಆಗ ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ. ಈಗ ಆ ಚಹಾದ ರುಚಿ ಬೇರೆಯಾಗಿ ನೆನಪಾಗುತ್ತಿದೆ.

ಒಂದೇ ಪ್ರಶ್ನೆ, ಸುತ್ತಿ ಬಳಸದೆ ಕೇಳುತ್ತೇನೆ. ನೀನು ಅಳೆದ ದಿನ ಅಲ್ಲಿ ಮರಳಿತ್ತೇ?

ನಿನ್ನ ಮಗಳು


ಫೆಬ್ರವರಿ ೧೧

ಮಗಳೇ,

ಕಾಗದ ಒಡೆಯುತ್ತಾರೆಂದು ನೀನೇ ಬರೆದು, ಅದೇ ಕಾಗದದಲ್ಲಿ ಇಂಥ ಪ್ರಶ್ನೆ ಕೇಳುವುದೇ? ನೀನು ಕೇಳುತ್ತಿರುವೆಯೋ, ನಿನ್ನ ಕೈಯಲ್ಲಿ ಬೇರೆಯವರು ಕೇಳಿಸುತ್ತಿರುವರೋ ನನಗೆ ತಿಳಿಯುತ್ತಿಲ್ಲ. ತಪ್ಪು ತಿಳಿಯಬೇಡ. ನಲವತ್ತು ವರ್ಷ ಆ ಕಚೇರಿಯಲ್ಲಿ ಕೂತವನು ನಾನು.

ಆಗ ಮರಳಿದ್ದಿರಬೇಕು. ಈಗ ಇಲ್ಲದಿರಬಹುದು. ಅಂದಿನ ಕೆಲಸಕ್ಕೆ ಮೇಲಿನ ಆದೇಶಗಳಿದ್ದವು, ಅವನ್ನೆಲ್ಲ ಅಂಚೆಯಲ್ಲಿ ಬರೆಯಲಾಗುವುದಿಲ್ಲ. ಉಳಿದ ತೀರ ಅಳೆದು ಮುಗಿಸಿ ಬಾ. ಕಂಡಿಯನ್ನು ಇನ್ನು ಮುಟ್ಟಬೇಡ.

ಅಮ್ಮನ ಮೊಣಕಾಲು ನೋವು ಹಾಗೇ ಇದೆ. ಟೋಪಿ ಸಿಕ್ಕಿತೇ ಎಂದು ಕೇಳುತ್ತಿದ್ದಾಳೆ.

ಅಪ್ಪ


ಫೆಬ್ರವರಿ ೨೩

ಅಪ್ಪನವರಿಗೆ,

ನೀವು ಹೇಳಿದ ಮರಳನ್ನು ಹುಡುಕಿದೆ. ಗುಂಡಿನ ತಳಕ್ಕೆ ಮೇಣ ಮೆತ್ತಿ ಇಳಿಸಿದರೆ ತಳದಲ್ಲಿರುವುದು ಅಂಟಿಕೊಂಡು ಬರುತ್ತದೆ, ಇದನ್ನು ನನಗೆ ಕಲಿಸಿದವರು ನೀವು. ಹದಿನಾಲ್ಕು ಸಲ ಇಳಿಸಿದೆ. ಒಂದು ಕಾಳು ಮರಳಿಲ್ಲ. ಪಕ್ಕಾ ಬಂಡೆ, ಅದರ ಮೇಲೆ ತಲೆಮಾರುಗಳಿಂದ ಕೂತ ಚಿಪ್ಪು. ಆ ಸೆಳೆತದಲ್ಲಿ ಮರಳು ನಿಲ್ಲುವುದೂ ಇಲ್ಲ.

ಕಚೇರಿಯ ದಾಖಲೆ ಕೋಣೆಯಿಂದ ನಿಮ್ಮ ಅಂದಿನ ಫೀಲ್ಡ್ ಬುಕ್ಕಿನ ನಕಲು ತರಿಸಿಕೊಂಡೆ. ಒಂಬತ್ತು ಮೈಲಿ ದ್ವೀಪಕ್ಕೆ ಆರುನೂರ ಹನ್ನೆರಡು ಅಳತೆ, ಒಂದೊಂದೂ ಮುತ್ತು ಪೋಣಿಸಿದ ಹಾಗೆ. ಬಡಗಣ ಕಂಡಿಯ ಪುಟ ಖಾಲಿ. ತಲೆಬರಹ ಮಾತ್ರ ಇದೆ.

ಈಗ ಇನ್ನೊಂದು ಸಂಗತಿ. ನಾನು ಮೇಣ ಬಿಸಿ ಮಾಡುತ್ತಿದ್ದಾಗ ಅಂಚೆಯಮ್ಮ ಮೇಲೆ ಬಂದು ಕೂತರು, ಮೊದಲ ಸಲ. ಕಂಡಿಯಲ್ಲಿ ಎಷ್ಟು ಆಳ ಸಿಕ್ಕಿತು ಎಂದರು. ಹೇಳಿದೆ. ಆಮೇಲೆ ಅವರು ಹೇಳಿದ್ದನ್ನು ನೆನಪಿರುವ ಹಾಗೆ ಬರೆಯುತ್ತೇನೆ.

ಅವರ ಗಂಡ ಗಡಿ ಕಾವಲು ಪಡೆಯವರು, ಬೇರೆ ಊರಿನಿಂದ ಇಲ್ಲಿಗೆ ಬಂದವರು. ಮದುವೆಯಾಗಿ ಆರು ತಿಂಗಳು. ಒಂಟಿಬಂಡೆಯ ಮೇಲೊಂದು ಗಡಿದೀಪವಿತ್ತು, ಅದು ಆರಿತ್ತು. ಪಡೆಯ ದೋಣಿ ಕೆಟ್ಟಿತ್ತು. ಅಧಿಕಾರಿ ಈ ಅಂಚೆ ಕೌಂಟರಿನ ಮೇಲೇ ಹಾಳೆ ಹರಡಿ, ಇಳಿತದಲ್ಲಿ ಇದು ಒಣಗುತ್ತದೆ, ನಡೆದು ಹೋಗಿ ಹಚ್ಚಿ ಬಾ ಎಂದರು. ಇವರು ಗಂಡನ ತೋಳು ಹಿಡಿದು ಬೇಡವೆಂದರು. ಹುಟ್ಟಿದಾಗಿನಿಂದ ಆ ನೀರು ನೋಡಿದವರು.

"ಹಾಳೇಲಿ ಒಣಗಿದೆಯಲ್ಲೇ, ಸರ್ಕಾರದವರು ಅಳೆಯದೆ ಬರೀತಾರಾ ಅಂದ್ರು," ಎಂದರು ಅಂಚೆಯಮ್ಮ. "ಮಂಜು ಕವಿದಿತ್ತು. ಹೋದವರು ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಮೇಲೆ ವಿಚಾರಣೆ ಮಾಡಿದ್ರು. ಕಂಡಿ ಒಣಗುತ್ತೆ ಅಂತ ಹಾಳೇಲಿ ಇದೆ, ಒಣಗಿದ ಜಾಗದಲ್ಲಿ ಯಾರೂ ಮುಳುಗಲ್ಲ, ಹಾಗಾದ್ರೆ ನಿನ್ನ ಗಂಡ ಆಚೆ ದೇಶಕ್ಕೆ ಓಡಿಹೋಗಿದ್ದಾನೆ ಅಂತ ಬರೆದ್ರು."

ದ್ವೀಪದವರು ಯಾರೂ ಸಾಕ್ಷಿ ಹೇಳಲಿಲ್ಲವೇ ಎಂದೆ.

"ನಿಜ ಹೇಳಿದ್ರೆ ಬಂಡೆ ಹೋಗುತ್ತಲ್ಲ. ಗೊತ್ತಿಲ್ಲ ಅಂದ್ರು ಎಲ್ಲರೂ. ನಿಮ್ಮ ಗಡಿಯಾರನೂ."

ಮೂವತ್ತೆರಡು ವರ್ಷ ಅವರು ದೇಶದ್ರೋಹಿಯ ಹೆಂಡತಿಯೆಂದು ಇದೇ ಕೌಂಟರಿನ ಹಿಂದೆ ಕೂತು ಇದೇ ಜನರ ಕಾಗದ ಹಂಚಿದ್ದಾರೆ. ಮಾತು ಮುಗಿಸಿ ಅವರು ಗೋಡೆಯ ಮೇಲಿನ ಹಾಳೆಯ ಮೂಲೆಯನ್ನೇ ನೋಡುತ್ತಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಸಾಹೇಬರಿಂದಲೂ ಕಾಗದ ಬಂದಿದೆ. ಕಂಡಿಯ ಮಟ್ಟಿಗೆ ಹಳೆಯ ಹಾಳೆಯನ್ನೇ ನಕಲು ಮಾಡಬಹುದಂತೆ. ನಾನು ಕಂಡಿ ಅಳೆದಿದ್ದೇನೆಂದು ಅವರಿಗೆ ಹೇಳಿದವರು ಯಾರು? ನಾನು ಬರೆದದ್ದು ನಿಮಗೊಬ್ಬರಿಗೆ. ನೀವು ಹೇಳಿದಿರಾ?

ಯಾರ ಆದೇಶ ಅದು, ಯಾವ ತಾರೀಖಿನದು, ಬರೆಯಿರಿ. ನನ್ನ ವರದಿ ಮಾರ್ಚ್ ಮೂವತ್ತೊಂದಕ್ಕೆ ಹೋಗಬೇಕು.

ಇತಿ,
ನಿಮ್ಮ ಮಗಳು


ಮಾರ್ಚ್ ೫

ಮಗಳೇ,

ನೀವು ಎಂದು ಬರೆದಿದ್ದೀಯ. ಹುಟ್ಟಿ ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದವಳು. ಆ ಒಂದು ಅಕ್ಷರದ ಮುಂದೆ ಎರಡು ದಿನ ಕೂತಿದ್ದೆ.

ಸಾಹೇಬರಿಗೆ ನಾನು ಹೇಳಿಲ್ಲ. ಆದರೆ ಅವರು ಜನವರಿಯಲ್ಲಿ ಮನೆಗೆ ಬಂದು, ಮಗಳು ಚೆನ್ನಾಗಿದ್ದಾಳಾ, ಕಾಗದ ಬರೆಯುತ್ತಾಳಾ ಎಂದು ವಿಚಾರಿಸಿ ಹೋದರು. ನಾನು ಬರೆಯುತ್ತಾಳೆ ಎಂದೆ. ಅಳೆಯದೆ ಬಿಡುವವಳಲ್ಲ ಎಂದೂ ಅಂದೆ, ಹೆಮ್ಮೆಗೆ. ಅಷ್ಟೇ ಅವರಿಗೆ ಸಾಕಾಗಿರಬೇಕು.

ಆದೇಶ ಯಾವುದೂ ಇರಲಿಲ್ಲ.

ಕಂಡಿಯೊಂದು ಬಿಟ್ಟು ಎಲ್ಲ ಮುಗಿದಿತ್ತು. ಮೂರು ದಿನ ಗಾಳಿ. ಯಾವ ದೋಣಿಯವನೂ ಉತ್ತರಕ್ಕೆ ಬರಲೊಪ್ಪಲಿಲ್ಲ, ಇನ್ನೆರಡು ದಿನ ತಡೆಯಿರಿ ಎಂದರು. ಅಷ್ಟರಲ್ಲಿ ನಿನ್ನ ಅಮ್ಮನನ್ನು ಹೆರಿಗೆಗೆ ಸೇರಿಸಿದ್ದಾರೆಂದು ತಂತಿ ಬಂತು. ಹೋಗುವ ದೋಣಿ ಮಾರನೆಯ ದಿನವೇ ಇತ್ತು. ಗುಡ್ಡ ಹತ್ತಿ ಬಡಗಣ ದಿಕ್ಕಿಗೆ ನೋಡಿದೆ. ಮಂಜಿನಲ್ಲಿ ಏನೋ ಬೆಳ್ಳಗೆ ಕಂಡಿತು. ನೊರೆಯೋ ಮರಳೋ ಗೊತ್ತಾಗಲಿಲ್ಲ. ಮರಳು ಎಂದುಕೊಂಡೆ. ಮನೆಗೆ ಬಂದು ಚುಕ್ಕೆ ಹಾಕಿದೆ. ನಾನು ಬರುವ ಹಿಂದಿನ ದಿನವೇ ನೀನು ಹುಟ್ಟಿದ್ದೆ.

ತಿದ್ದಬೇಕೆಂದೇ ಇದ್ದೆ. ಆದರೆ ಚುಕ್ಕೆ ನೋಡಿ ಆಗಿನ ಸಾಹೇಬರು ಎದ್ದುಬಂದು ಬೆನ್ನು ತಟ್ಟಿದರು. ಬಂಡೆ ನಮ್ಮದಾಯಿತಲ್ಲಯ್ಯಾ ಎಂದರು. ಯಾರೂ ನನಗೆ ಸುಳ್ಳು ಬರೆ ಎನ್ನಲಿಲ್ಲ. ಅವರಿಗೆ ಸಂತೋಷವಾಯಿತು, ಅಷ್ಟೇ. ಅವರ ಸಂತೋಷ ಕೆಡಿಸುವ ಧೈರ್ಯ ನನಗಿರಲಿಲ್ಲ. ಹನ್ನೊಂದು ದಿನದಲ್ಲಿ ಹಾಳೆ ಅಚ್ಚಿಗೆ ಹೋಯಿತು. ಆ ವರ್ಷವೇ ನನಗೆ ಬಡ್ತಿ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಅಂಜಿಕೆ ಎನ್ನಬಹುದಿತ್ತು. ಎರಡು ವರ್ಷದ ಮೇಲೆ ಒಂದು ಫೈಲು ನನ್ನ ಮೇಜಿಗೆ ಬಂತು. ಕಾಣೆಯಾದ ಕಾವಲಿನವನ ವಿಚಾರಣೆ. ಒಂದೇ ಪ್ರಶ್ನೆ: ಬಡಗಣ ಕಂಡಿಯನ್ನು ಇಳಿತದಲ್ಲಿ ನಡೆದು ದಾಟಬಹುದೇ? ಆವತ್ತು ನಿನಗೆ ಜ್ವರವಿರಲಿಲ್ಲ, ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ, ಹೊರಗೆ ಬಿಸಿಲಿತ್ತು. ನೆಪ ಹುಡುಕಿದರೂ ಸಿಗುವುದಿಲ್ಲ. ಹಾಳೆಯ ಪ್ರಕಾರ ದಾಟಬಹುದು ಎಂದು ಬರೆದು ಸಹಿ ಹಾಕಿದೆ. ಆ ಮನುಷ್ಯ ಮುಳುಗಿದ್ದಾನೆಂದು ಬರೆಯುವಾಗಲೇ ಗೊತ್ತಿತ್ತು.

ಇದನ್ನು ಬರೆಯುವ ಮೊದಲು ನಿನ್ನ ಅಮ್ಮನಿಗೆ ಹೇಳಿದೆ. ಅವಳು ಹೊಲಿಗೆ ಕೆಳಗಿಟ್ಟಳು. "ಇದಕ್ಕೆ ನನ್ನ ಹೆಸರು ಸೇರಿಸಬೇಡಿ," ಎಂದಳು. "ಬೇಗ ಬನ್ನಿ ಅಂತ ತಂತಿ ಕೊಟ್ಟವಳು ನಾನಲ್ಲ." ಆಮೇಲೆ ನನ್ನೊಂದಿಗೆ ಮಾತಾಡಿಲ್ಲ. ಮೂರು ದಿನವಾಯಿತು.

ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ವರದಿ ಬರೆ.

ಅಪ್ಪ


ಮಾರ್ಚ್ ೧೬

ಅಪ್ಪನವರಿಗೆ,

ಎರಡು ದೋಣಿ ಬಂದು ಹೋದವು. ನಿಮ್ಮಿಂದ ಒಂದು ಸಾಲೂ ಇಲ್ಲ. ಉತ್ತರ ಇಲ್ಲವೆಂಬುದೇ ಉತ್ತರವೆಂದು ತಿಳಿದುಕೊಳ್ಳುತ್ತೇನೆ. ಗಡಿಯಾರ ದೋಣಿ ರಿಪೇರಿಗಿದೆ ಎನ್ನುತ್ತಾನೆ, ದೋಣಿ ನೀರಿನ ಮೇಲೇ ತೇಲುತ್ತಿದೆ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ಅಂಚೆಯಮ್ಮ ಒಂದು ವಾರದಿಂದ ನನ್ನ ಕಣ್ಣು ತಪ್ಪಿಸುತ್ತಿದ್ದಾರೆ. ಎರಡು ಥರ ವರದಿ ಬರೆದಿಟ್ಟಿದ್ದೇನೆ. ಯಾವುದನ್ನು ಕಳಿಸುತ್ತೇನೆಂದು ಸತ್ಯವಾಗಿ ನನಗೇ ಗೊತ್ತಿಲ್ಲ.

ನಿಮ್ಮ ಮಗಳು


ಮಾರ್ಚ್ ೨೩

ನಕ್ಷೆ ಬರೆದವರಿಗೆ,

ಮಾರ್ಚ್ ಐದರ ನಿಮ್ಮ ಕಾಗದ ನನ್ನ ಹತ್ತಿರ ಇದೆ. ನಿಮ್ಮ ಮಗಳಿಗೆ ಕೊಟ್ಟಿಲ್ಲ. ನಿಮ್ಮ ಎಲ್ಲ ಕಾಗದವನ್ನೂ ಒಡೆದದ್ದು ನಾನು, ಠಾಣೆಯವರಲ್ಲ. ಅವಳು ನಿಮಗೆ ಬರೆದದ್ದನ್ನೂ ಓದಿದ್ದೇನೆ. ಅಂಚೆಯವಳು ಹೀಗೆ ಮಾಡಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ದೂರು ಕೊಡುವುದಿದ್ದರೆ ಕೊಡಿ.

ನಿಮ್ಮ ಹೆಸರು ನನಗೆ ಮೂವತ್ತೆರಡು ವರ್ಷದಿಂದ ಗೊತ್ತು. ಅಧಿಕಾರಿ ಹಾಳೆ ಹರಡಿದಾಗ ಮೂಲೆ ನನ್ನ ಕಡೆಗಿತ್ತು. ಲಕೋಟೆಯ ಹಿಂದೆ ಅದೇ ಹೆಸರು, ಅದೇ ವಾಲಿದ ಅಕ್ಷರ ಕಂಡಾಗ ಕೈ ತಡೆಯಲಿಲ್ಲ. ನೀವು ತಪ್ಪು ಅಳೆದಿರಬಹುದು, ಮನುಷ್ಯರು ತಪ್ಪುತ್ತಾರೆ ಎಂದು ಇಷ್ಟು ವರ್ಷ ಒಂದೊಂದು ದಿನ ಅಂದುಕೊಂಡದ್ದೂ ಉಂಟು. ಫೈಲಿನ ವಿಷಯ ಗೊತ್ತಿರಲಿಲ್ಲ. ಅದನ್ನು ಓದಿದ ದಿನ ಕೌಂಟರು ಮುಚ್ಚಿದೆ. ಈ ದ್ವೀಪದಲ್ಲಿ ಅಂಚೆ ಮುಚ್ಚಿದ್ದು ನಮ್ಮಪ್ಪ ಸತ್ತಾಗ ಒಂದು ದಿನ, ಈಗ ಒಂದು ದಿನ.

ಕಾಗದವನ್ನು ಸುಟ್ಟುಬಿಡೋಣ ಅನ್ನಿಸಿತು. ನಿಮ್ಮ ಮಾನ ಉಳಿಸಲು ಅಲ್ಲ, ನಿಮ್ಮ ಮೇಲೆ ನನಗೆ ಅಂಥ ಕರುಣೆಯಿಲ್ಲ. ಆ ಹುಡುಗಿ ಹಗ್ಗ ಕೊಯ್ದ ಕೈಯಲ್ಲೇ ಹದಿನಾಲ್ಕು ಸಲ ಗುಂಡು ಇಳಿಸಿದ್ದನ್ನು ದಡದಿಂದ ನೋಡಿದ್ದೇನೆ. ಅವಳಿಗಾಗಿ.

ಈ ದಿನ ಅವಳಿಗೆ ಕೊಡುತ್ತೇನೆ. ಆದರೆ ಮಗಳಿಗೆ ಬರೆದ ಕಾಗದದಿಂದ ನನಗೆ ಪ್ರಯೋಜನವಿಲ್ಲ. ಅದನ್ನೇ ಸರ್ಕಾರಕ್ಕೆ ಬರೆಯಿರಿ. ಕಂಡಿ ಅಳೆಯಲಿಲ್ಲ, ಫೈಲಿಗೆ ಸುಳ್ಳು ಉತ್ತರ ಕೊಟ್ಟೆ, ಆ ಕಾವಲಿನವನು ಮುಳುಗಿದ ಎಂದು. ಸಹಿ ಹಾಕಿ, ರಿಜಿಸ್ಟರ್ ಮಾಡಿ, ರಶೀದಿ ನನಗೆ ಕಳಿಸಿ. ಬಾಯಿಮಾತನ್ನು ನಾನು ನಂಬುವುದಿಲ್ಲ.

ಅಂಚೆಯವಳು


ಮೇ ೬

ಅಪ್ಪ,

ನಿನ್ನ ರಶೀದಿ ಏಪ್ರಿಲ್ ಮೊದಲ ದೋಣಿಗೇ ಬಂತು. ಅಂಚೆಯಮ್ಮ ಅದರ ನಂಬರನ್ನು ಎರಡು ಸಲ ಓದಿ ಮೇಜಿನ ಖಾನೆಗೆ ಹಾಕಿಕೊಂಡರು. ಅದಕ್ಕೂ ಮೊದಲೇ ನಾನು ಎರಡೂವರೆ ಮಾರಿನ ವರದಿ ಕಳಿಸಿದ್ದೆ. ಮಾರ್ಚ್ ಐದರ ನಿನ್ನ ಕಾಗದವನ್ನು ಅವರ ಕೈಯಿಂದ ಇಸಿದುಕೊಂಡು ಓದಿದ ಮಧ್ಯಾಹ್ನವೇ. ಕೋಪದಲ್ಲಿ ಕಳಿಸಿದೆನೋ, ಸರಿಯೆಂದು ಕಳಿಸಿದೆನೋ ಈಗ ಬಿಡಿಸಿ ಹೇಳಲಾರೆ.

ಇಷ್ಟು ದಿನ ಬರೆಯಲಿಲ್ಲ. ನನ್ನ ವರದಿಯ ಮೇಲೆ ಎರಡೂ ದೇಶದವರು ಕೂಡಿ ಅಳೆಯಲು ಗೊತ್ತುಮಾಡಿದ ದಿನ ಮುಗಿಯಲಿ ಎಂದು ಕಾದೆ.

ಅದು ಏಪ್ರಿಲ್ ಅಮಾವಾಸ್ಯೆಯ ದಿನವಾಯಿತು. ನಮ್ಮ ಕಡೆಯಿಂದ ಸಾಹೇಬರೂ ಕಾವಲು ಪಡೆಯ ಅಧಿಕಾರಿಯೊಬ್ಬರೂ, ಆಚೆಯಿಂದ ಮಾತೇ ಆಡದ ಒಬ್ಬ ಸರ್ವೆಯವರು. ದೋಣಿ ಗಡಿಯಾರನದು. ಸರ್ಕಾರದವರು ಕೇಳಿದಾಗ ರಿಪೇರಿ ಮುಗಿದಿತ್ತು. ನನ್ನನ್ನು ಈಗ ಮೇಡಂ ಎನ್ನುತ್ತಾನೆ. ಅಂಚೆಯಮ್ಮ ಯಾರನ್ನೂ ಕೇಳದೆ ಬಂದು ದೋಣಿಯ ಮೂತಿಯಲ್ಲಿ ಕೂತರು. ಇಳಿಯಿರಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಇಳಿತ ತಳ ಮುಟ್ಟಿದಾಗ ಗಡಿಯಾರ ಕೈಯೆತ್ತಿದ. ಈ ಸಲ ಗುರುತು ಹಾಕಿದ ಉದ್ದನೆಯ ಕೋಲು ತಂದಿದ್ದೆವು. ಇಳಿಸಿದೆ, ಓದಿದೆ. ಸಾಹೇಬರು ಇನ್ನೊಂದು ಕಡೆ ನೋಡೋಣ ಎಂದರು. ಇಳಿಸಿದೆ. ಮತ್ತೊಂದು ಕಡೆ ಎಂದರು. ಆರು ಸಲ. ಆಚೆಯವರು ಪ್ರತಿ ಸಲವೂ ಅಂಕಿ ಬರೆದುಕೊಂಡು ತಲೆ ತಗ್ಗಿಸಿಯೇ ಇದ್ದರು. ಕೊನೆಗೆ ಪಡೆಯ ಅಧಿಕಾರಿ, ಕೋಲು ಬಂಡೆಯ ಬಿರುಕಿನಲ್ಲಿ ಇಳಿಯುತ್ತಿರಬೇಕು, ಉಳಿದಂತೆ ಇಲ್ಲೆಲ್ಲ ಸೊಂಟದ ಮಟ್ಟ ಇದ್ದೀತು ಎಂದರು. ಸಾಹೇಬರು ತಟ್ಟನೆ ಹೌದು ಹೌದು ಎಂದರು.

ಅಂಚೆಯಮ್ಮ ತಿರುಗಿದರು. ದನಿ ಏರಿಸಲಿಲ್ಲ.

"ಹಾಗಾದ್ರೆ ಇಳೀರಿ ಸಾರ್," ಎಂದರು. "ನಮ್ಮ ಮನೆಯವರನ್ನೂ ಹೀಗೇ ಇಳಿಸಿದ್ರು."

ದೋಣಿಯ ಕೆಳಗೆ ನೀರು ಎಳೆಯುವ ಸದ್ದು ಕೇಳುತ್ತಿತ್ತು. ಅಧಿಕಾರಿ ಚಿಕ್ಕ ವಯಸ್ಸಿನವರು, ಈ ಕಥೆ ಗೊತ್ತಿದ್ದಿರಲಾರದು. ಅವರು ನೀರು ನೋಡಿದರು, ಆಮೇಲೆ ಗಡಿಯಾರನನ್ನು ನೋಡಿದರು. ನೀನೇನು ಹೇಳುತ್ತೀ, ಯಾವತ್ತಾದರೂ ಒಣಗಿದ್ದು ಕಂಡಿದ್ದೀಯಾ ಎಂದು ಕೇಳಿದರು. ಗಡಿಯಾರ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡ. ಅವನ ಇಬ್ಬರು ಮಕ್ಕಳ ಬಲೆಯೂ ಬಂಡೆಯ ಹಿಂದೆಯೇ ಬೀಳುವುದು.

"ಇಲ್ಲ ಸಾರ್," ಎಂದ. "ಯಾವತ್ತೂ ಒಣಗಿಲ್ಲ. ನಮ್ಮಪ್ಪನ ಕಾಲದಲ್ಲೂ ಇಲ್ಲ. ಆವತ್ತು ಕೇಳಿದಾಗ್ಲೇ ಹೇಳ್ಬೇಕಿತ್ತು."

ಅದನ್ನೂ ಬರೆದುಕೊಂಡರು. ಜೆಟ್ಟಿಯಲ್ಲಿ ಇಳಿಯುವಾಗ ಗಡಿಯಾರ ಅಂಚೆಯಮ್ಮನಿಗೆ ಕೈ ಕೊಡಲು ಬಂದ. ಅವರು ಹಿಡಿಯಲಿಲ್ಲ, ತಾವೇ ಹತ್ತಿದರು.

ಬಂಡೆ ಹೋಯಿತು. ಹೊಸ ಗೆರೆ ಕಂಡಿಯ ಮಧ್ಯದಲ್ಲಿ. ಹನ್ನೆರಡು ಮನೆಯವರು ಬಲೆ ಹಾಕಲು ದಕ್ಷಿಣದ ನೀರಿಗೆ ಹೋಗಬೇಕು, ಅಲ್ಲಿ ಸಿಗುವುದು ಅರ್ಧಕ್ಕರ್ಧ ಕಡಿಮೆ. ಅವರಲ್ಲಿ ಒಬ್ಬಾಕೆ ದಾರಿಯಲ್ಲಿ ನಿಂತು, ನಿಮಗೆ ಗೆರೆ ಎಳೆದರೆ ಸಂಬಳ, ನಮಗೆ? ಎಂದಷ್ಟೇ ಹೇಳಿ ಹೋದಳು. ಸಾಹೇಬರು ನನ್ನನ್ನು ಹಳೆಯ ಹಾಳೆಗಳಿಗೆ ಬಟ್ಟೆ ಅಂಟಿಸುವ ವಿಭಾಗಕ್ಕೆ ವರ್ಗ ಮಾಡಿದ್ದಾರೆ, ಹೊಸ ಗೆರೆಯ ಕೆಲಸ ಮುಗಿಯುವವರೆಗೆ ಮಾತ್ರ ಇಲ್ಲಿರಬೇಕು.

ಕಳೆದ ಮಂಗಳವಾರ ಕಾವಲು ಪಡೆಯ ದೊಡ್ಡ ಕಚೇರಿಯಿಂದ ಅಂಚೆಯಮ್ಮನಿಗೆ ಕಾಗದ ಬಂತು. ಗಡಿ ದಾಟಿ ಪರಾರಿ ಎಂಬ ನಮೂದನ್ನು ತೆಗೆದು, ಕರ್ತವ್ಯದಲ್ಲಿದ್ದಾಗ ಮುಳುಗಿ ಮರಣ ಎಂದು ತಿದ್ದಲಾಗಿದೆ ಎಂದು ಮೂರು ಸಾಲು. ಅವರು ಅದನ್ನು ನನ್ನ ಕೈಗೆ ಕೊಟ್ಟು ಜೋರಾಗಿ ಓದು ಎಂದರು. ಕೌಂಟರಿನ ಮುಂದೆ ನಾಲ್ಕೈದು ಜನ ಕಾಯುತ್ತಿದ್ದರು. ಓದಿದೆ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುವ ಸದ್ದು ಹೊರಗೆ ಬರುತ್ತಿತ್ತು. ಜನ ತಮ್ಮ ಕಾಗದ ಕೇಳದೆ ಹಾಗೇ ನಿಂತಿದ್ದರು.

ಅಪ್ಪ, ನಿನ್ನ ಮೇಲಿನ ಕೋಪ ಹೋಗಿದೆ ಎಂದು ಬರೆಯಲಾರೆ. ಚುಕ್ಕೆಯನ್ನು ಮರೆಯಬಲ್ಲೆ, ಆ ಫೈಲಿನ ಬಿಸಿಲ ದಿನವನ್ನು ಆಗುವುದಿಲ್ಲ. ಆದರೂ ನೀನು ಎಂದೇ ಬರೆಯುತ್ತಿದ್ದೇನೆ, ಬೇರೆ ಥರ ಬರೆದರೆ ಕೈ ನಿಲ್ಲುತ್ತದೆ. ಅಮ್ಮ ಮತ್ತೆ ಮಾತಾಡುತ್ತಿದ್ದಾಳೆಂದು ನಿನ್ನ ಕಾಗದದಲ್ಲಿ ಓದಿ ಸಮಾಧಾನವಾಯಿತು.

ಒಮ್ಮೆ ಬಂದು ಅವರೆದುರು ನಿಲ್ಲಬೇಕೆಂದು ಬರೆದಿದ್ದೀಯ. ಅವರನ್ನು ಕೇಳದೆ ನಾನು ಹೂಂ ಎನ್ನುವ ಹಾಗಿರಲಿಲ್ಲ. ನಿನ್ನೆ ಕೇಳಿದೆ. ಟಪಾಲು ವಿಂಗಡಿಸುತ್ತಿದ್ದರು. ಕಂತೆ ಪೂರ್ತಿ ಮುಗಿಸಿ ದಾರ ಕಟ್ಟಿದರು.

"ಬರಲಿ," ಎಂದರು. "ಆದ್ರೆ ದೊಡ್ಡ ಇಳಿತದ ದಿನ ನೋಡ್ಕೊಂಡು ಬರಲಿ. ಕಂಡಿ ಹತ್ರ ಕರ್ಕೊಂಡು ಹೋಗ್ತೀನಿ. ಅವ್ರು ಅದನ್ನ ನೋಡೇ ಇಲ್ಲವಲ್ಲ."

ಮುಂದಿನ ಅಮಾವಾಸ್ಯೆಯ ಹಿಂದಿನ ಮಂಗಳವಾರದ ದೋಣಿಗೆ ಬಾ. ಜೆಟ್ಟಿಯಲ್ಲಿ ನಾನಿರುತ್ತೇನೆ.

ನಿನ್ನ ಮಗಳು